ಇಲ್ಲಿ ಕಟ್ಟಿದ್ದು ಅಲ್ಲಿ ಓಡಬೇಕು

ಸಿಂಪ್ಯೂಟರಿನೊಳಗೆ ಓಡುತ್ತಿದ್ದ ಲಿನಕ್ಸ್ ಸಿಂಪ್ಯೂಟರಿನೊಳಗೆ ತಯಾರಾದದ್ದಲ್ಲ. 2001ರ ಏಪ್ರಿಲಿನಲ್ಲಿ ಆ ಕೈಯಗಲದ ಯಂತ್ರ ಬೆಂಗಳೂರಿನಲ್ಲಿ ಜನರ ಮುಂದೆ ಬಂದಾಗ ಪತ್ರಿಕೆಗಳು ಅದರ ಬೆಲೆಯ ಬಗ್ಗೆ ಬರೆದವು, ಹಳ್ಳಿಯವರ ಕಂಪ್ಯೂಟರ್ ಬಂತು ಎಂದು ಹೊಗಳಿದವು. ವರ್ಷದ ಕೊನೆಗೆ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದನ್ನು ಆ ವರ್ಷದ ದೊಡ್ಡ ಕಂಪ್ಯೂಟರ್ ಆವಿಷ್ಕಾರವೆಂದು ಎತ್ತಿ ಹಿಡಿದ. ಆದರೆ ಆ ಯಂತ್ರ ಸಾಧ್ಯವಾದದ್ದು ಹೇಗೆ ಎಂದು ಕೇಳಿದರೆ ಚಿಪ್ಪಿನ ಕತೆಗಿಂತ ಹಿಂದಕ್ಕೆ ಹೋಗಬೇಕಾಗುತ್ತದೆ. ತನ್ನ ಪ್ರೋಗ್ರಾಮನ್ನು ತಾನು ತಯಾರಿಸಿಕೊಳ್ಳುವ ತಾಕತ್ತಿಲ್ಲದ ಯಂತ್ರಕ್ಕೆ ಇನ್ನೊಂದು ಯಂತ್ರದ ಮುಂದೆ ಕೂತು ಪ್ರೋಗ್ರಾಮು ಕಟ್ಟುವುದು ಹೇಗೆಂದು ಜನ ಕಂಡುಕೊಂಡ ಕತೆ ಅದು. ಈ ಕೆಲಸ ಮಾಡುವವರು ಅದಕ್ಕೆ ಕ್ರಾಸ್ ಕಂಪೈಲ್ ಮಾಡುವುದು ಎನ್ನುತ್ತಾರೆ. ಅದಕ್ಕೆ ಬೇಕಾಗುವ ಸಾಮಾನು ಸರಂಜಾಮಿಗೆಲ್ಲ ಸೇರಿ ಟೂಲ್‌ಚೈನ್ ಎಂದು ಹೆಸರು.

ಮುಳಗುಂದದಲ್ಲಿ ಬೆಳೆದವರಿಗೆ ಇದನ್ನು ತಿಳಿಸಲು ಹೆಚ್ಚು ಕಷ್ಟವಿಲ್ಲ. ನಮ್ಮೂರಿನಲ್ಲಿ ರಾಷ್ಟ್ರಕೂಟರ ಕಾಲದಿಂದಲೂ ಶಾಸನಗಳಿವೆ. ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದದ್ದೂ ಇಲ್ಲೇ. ಶಾಸನದ ಮಾತನ್ನು ಕವಿಯೊಬ್ಬ ಕಟ್ಟುತ್ತಿದ್ದ, ಕಲ್ಲಿನ ಮೇಲೆ ಅಕ್ಷರ ಬರೆದುಕೊಡುವವನು ಇನ್ನೊಬ್ಬ, ಉಳಿ ಹಿಡಿದು ಕಂಡರಿಸುವವನು ಮತ್ತೊಬ್ಬ. ಮಾತು ಹುಟ್ಟಿದ್ದು ಒಂದು ಕಡೆ, ನಿಂತದ್ದು ಇನ್ನೊಂದು ಕಡೆ. ಕಟ್ಟುವವನಿಗೆ ಕಲ್ಲಿನ ಅಗಲ ಎಷ್ಟು, ಸಾಲಿಗೆ ಎಷ್ಟು ಅಕ್ಷರ ಹಿಡಿಸುತ್ತದೆ ಎಂಬುದು ಮೊದಲೇ ಗೊತ್ತಿರಬೇಕಿತ್ತು. ಕ್ರಾಸ್ ಕಂಪೈಲಿನ ತೊಡಕುಗಳೆಲ್ಲ ಹುಟ್ಟುವುದು ಈ ಕೊನೆಯ ಮಾತಿನಿಂದಲೇ. ಎದುರಿಗಿಲ್ಲದ ಯಂತ್ರದ ಬಗ್ಗೆ ಮೊದಲೇ ಎಲ್ಲ ತಿಳಿದಿರಬೇಕು.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಮುಂದುವರಿಯುತ್ತಿರುವ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ತಲುಪಬೇಕು ಎಂಬುದು ಅಲ್ಲಿನ ಚರ್ಚೆ. ಅಗ್ಗದ, ಹಂಚಿಕೊಂಡು ಬಳಸಬಹುದಾದ, ಓದುಬರಹ ಬಾರದವರಿಗೂ ನಿಲುಕುವ ಯಂತ್ರವೊಂದು ಬೇಕು ಎಂಬ ವಿಚಾರ ಅಲ್ಲಿ ಗಟ್ಟಿಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಒಂದು ಕಡೆಯಿಂದ, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ, ಮಾರ್ಕ್ ಮಥಾಯಸ್, ಶಶಾಂಕ್ ಗರ್ಗ್ ಇನ್ನೊಂದು ಕಡೆಯಿಂದ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿಕೊಂಡರು. ಯಂತ್ರ ಪಂಚಾಯಿತಿಯಲ್ಲೋ ಶಾಲೆಯಲ್ಲೋ ಇರುತ್ತದೆ, ಪ್ರತಿಯೊಬ್ಬರ ಬಳಿಯೂ ಒಂದು ಸ್ಮಾರ್ಟ್ ಕಾರ್ಡ್ ಇರುತ್ತದೆ, ಕಾರ್ಡ್ ತೂರಿಸಿದರೆ ಯಂತ್ರ ಆ ಹೊತ್ತಿಗೆ ನಿಮ್ಮದಾಗುತ್ತದೆ ಎಂಬುದು ಅವರ ಲೆಕ್ಕ.

ಒಳಗಿದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್ಪು, ಎಸ್‌ಎ-1110, ವೇಗ 206 ಮೆಗಾಹರ್ಟ್ಸ್. ಪರದೆ 320ಕ್ಕೆ 240 ಚುಕ್ಕಿ. ಮೆಮೊರಿ ಮೊದಲು 32 ಎಂಬಿ. ಹಾರ್ಡ್ ಡಿಸ್ಕ್ ಇಲ್ಲ, ಫ್ಲ್ಯಾಶ್ ಅಷ್ಟಿಷ್ಟು. ಮನುಷ್ಯ ಬರೆದ ಪ್ರೋಗ್ರಾಮನ್ನು ಚಿಪ್ಪಿನ ಆಜ್ಞೆಗಳಾಗಿಸುವ ಜಿಸಿಸಿ ಎಂಬ ಕಂಪೈಲರಿನ ಮೂಲ ಕಡತಗಳ ಗಂಟನ್ನು ಅದರೊಳಗೆ ಬಿಚ್ಚಿದರೆ ಗಂಟು ಪೂರ್ತಿ ಬಿಚ್ಚುವ ಮೊದಲೇ ಜಾಗ ಮುಗಿಯುತ್ತಿತ್ತು. ಈ ಯಂತ್ರಕ್ಕೆ ಬೇಕಾದ, ಲಿನಕ್ಸಿನ ತಿರುಳಾದ ಕರ್ನಲ್ಲನ್ನೂ ಲೈಬ್ರರಿಗಳನ್ನೂ ಮೇಜಿನ ಮೇಲಿನ ಪಿಸಿಯಲ್ಲೇ ಕಟ್ಟಬೇಕು. ಆದರೆ ಪಿಸಿಯ ಚಿಪ್ಪು ಇಂಟೆಲ್ 386ರ ವಂಶದ್ದು, ಸಿಂಪ್ಯೂಟರಿನದು ಆರ್ಮ್ ವಂಶದ್ದು. ಒಂದರ ಆಜ್ಞೆ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

ಈ ಗೋಡೆ ದಾಟುವ ದಾರಿ ಅಷ್ಟರಲ್ಲಿ ತಯಾರಿತ್ತು, ಅದೂ ಬಿಟ್ಟಿಯಾಗಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಸಿಂಪ್ಯೂಟರಿನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ. ಕಂಪೈಲರಿಗೇ ದುಡ್ಡು ಕಟ್ಟಬೇಕಾಗಿದ್ದರೆ ನಾಲ್ಕು ಮೇಷ್ಟ್ರುಗಳು, ಮೂವರು ಎಂಜಿನಿಯರುಗಳು ಇಂಥ ಸಾಹಸಕ್ಕೆ ಇಳಿಯುತ್ತಿದ್ದರೋ ಇಲ್ಲವೋ ನನಗಂತೂ ಸಂಶಯ.

ಆ ದಾರಿ ತೆರೆದವನು ರಿಚರ್ಡ್ ಸ್ಟಾಲ್ಮನ್. 1980ರ ದಶಕದಲ್ಲಿ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಯುನಿಕ್ಸ್‌ನಂಥ ವ್ಯವಸ್ಥೆಯೊಂದನ್ನು ಕಟ್ಟಲು ಹೊರಟಾಗ ಅವನಿಗೆ ಮೊದಲು ಬೇಕಾದದ್ದು ಕಂಪೈಲರ್. ಹೊಸದಾಗಿ ಬರೆಯುವ ಬದಲು ಇದ್ದದ್ದನ್ನೇ ಹಿಡಿದುಕೊಳ್ಳೋಣವೆಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ಪ್ಯಾಸ್ಟೆಲ್ ಎಂಬ ಕಂಪೈಲರನ್ನು ತಂದು, ಅದಕ್ಕೆ ಸಿ ಭಾಷೆ ಓದುವ ಮುಂಭಾಗ ಜೋಡಿಸಿ, 68000 ಚಿಪ್ಪಿನ ಯಂತ್ರಕ್ಕೆ ಇಳಿಸಲು ನೋಡಿದ. ಆಗ ಗೊತ್ತಾಯಿತು: ಪ್ಯಾಸ್ಟೆಲ್ ಇಡೀ ಕಡತವನ್ನು ಓದಿ ಮೆಮೊರಿಯಲ್ಲಿ ಒಂದು ದೊಡ್ಡ ಮರ ಬೆಳೆಸುತ್ತದೆ, ಬಳಸಿದ ಜಾಗವನ್ನು ನಡುವೆ ಬಿಟ್ಟುಕೊಡುವುದೇ ಇಲ್ಲ. ಅದಕ್ಕೆ ಸ್ಟ್ಯಾಕಿನಲ್ಲಿ ಹಲವು ಮೆಗಾಬೈಟ್ ಬೇಕು. ಆ ಯಂತ್ರದ ಯುನಿಕ್ಸ್ ಕೊಡುತ್ತಿದ್ದದ್ದು 64 ಕೆಬಿ. ಸಿ ಮುಂಭಾಗವನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ಅವನು ಮೊದಲಿನಿಂದ ಬರೆದ. 1987ರ ಮಾರ್ಚ್ 22ರಂದು ಜಿಸಿಸಿಯ ಮೊದಲ ಬೀಟಾ ಹೊರಬಂತು.

ಬರೆಯುವಾಗ ಅವನು ಮಾಡಿದ ಒಂದು ಏರ್ಪಾಡು ಮುಂದಿನ ಕತೆಗೆಲ್ಲ ಬುನಾದಿ. ಚಿಪ್ಪಿನ ವಿವರಗಳನ್ನು ಕಂಪೈಲರಿನ ಮೈತುಂಬ ಚೆಲ್ಲಾಡದೆ ಬೇರೆಯಾಗಿ ಇಟ್ಟ. ಈ ಚಿಪ್ಪಿಗೆ ಇಷ್ಟು ರಿಜಿಸ್ಟರ್, ಎರಡು ಸಂಖ್ಯೆ ಕೂಡಿಸಲು ಈ ಆಜ್ಞೆ, ಜಿಗಿಯಲು ಈ ಆಜ್ಞೆ ಎಂದು ವಿವರಿಸುವ ಕಡತವೊಂದು ಇರುತ್ತದೆ. ಕಂಪೈಲರಿನ ಹೊಟ್ಟೆಯಲ್ಲಿ ಓಡಾಡುವುದು ಯಾವ ಚಿಪ್ಪಿಗೂ ಸೇರದ ನಡುಭಾಷೆ. ಕಡತ ಬದಲಾಯಿಸಿ ಮತ್ತೆ ಕಟ್ಟಿದರೆ ಅದೇ ಕಂಪೈಲರ್ ಬೇರೆ ಚಿಪ್ಪಿನ ಮಾತು ಆಡುತ್ತದೆ. ತಾನು ಯಾವ ಯಂತ್ರದ ಮೇಲೆ ಓಡುತ್ತಿದ್ದೇನೆ ಎಂಬುದಕ್ಕೂ ಯಾವ ಯಂತ್ರಕ್ಕಾಗಿ ಬರೆಯುತ್ತಿದ್ದೇನೆ ಎಂಬುದಕ್ಕೂ ಸಂಬಂಧವೇ ಇರಬೇಕಿಲ್ಲ.

1989ರಲ್ಲಿ ಮೈಕೆಲ್ ಟೀಮನ್, ಜಾನ್ ಗಿಲ್ಮೋರ್, ಡೇವಿಡ್ ಹೆಂಕೆಲ್-ವಾಲೇಸ್ ಸಿಗ್ನಸ್ ಎಂಬ ಕಂಪನಿ ತೆರೆದು ಇದನ್ನೇ ಹೊಟ್ಟೆಪಾಡು ಮಾಡಿಕೊಂಡರು. ಪುಕ್ಕಟೆ ಸಿಗುವ ಕಂಪೈಲರನ್ನು ಹೊಸ ಹೊಸ ಚಿಪ್ಪುಗಳಿಗೆ ಹೊಂದಿಸಿಕೊಡುವುದೇ ಅವರ ವ್ಯಾಪಾರ. ಕಟ್ಟುವ ಯಂತ್ರ, ಕಂಪೈಲರ್ ಓಡುವ ಯಂತ್ರ, ಅದು ಹುಟ್ಟಿಸಿದ ಪ್ರೋಗ್ರಾಮು ಓಡುವ ಯಂತ್ರ ಎಂದು ಮೂರನ್ನೂ ಬೇರೆ ಬೇರೆ ಹೆಸರಿಸುವ ಪದ್ಧತಿ ಈ ವಲಯದಲ್ಲಿ ಬೇರೂರಿತು. ಮೂರೂ ಬೇರೆಯಾದರೆ ಆ ಪೇಚಿಗೆ ‘ಕೆನೇಡಿಯನ್ ಕ್ರಾಸ್’ ಎಂದು ಹೆಸರು. ಈ ಚರ್ಚೆ ನಡೆಯುತ್ತಿದ್ದ ಕಾಲಕ್ಕೆ ಕೆನಡಾದಲ್ಲಿ ರಾಷ್ಟ್ರೀಯ ಪಕ್ಷಗಳು ಮೂರಿದ್ದವಂತೆ, ಅದಕ್ಕೆ. ಜಿಸಿಸಿಯೊಳಗೆ ಆರ್ಮ್ ಚಿಪ್ಪಿನ ಭಾಗವನ್ನು ಬರೆದುಕೊಟ್ಟವರು ಪೀಟರ್ ಸ್ಕೂನ್‌ಮೇಕರ್ಸ್, ಮಾರ್ಟಿನ್ ಸಿಮನ್ಸ್. ಅದನ್ನು ಮುಂದೆ ಬೆಳೆಸಿದವನು ರಿಚರ್ಡ್ ಅರ್ನ್‌ಶಾ. ಲಿನಕ್ಸ್ ಕರ್ನಲ್ಲನ್ನು ಆರ್ಮ್‌ಗೆ ತಂದವನು ಬ್ರಿಟನ್ನಿನ ರಸೆಲ್ ಕಿಂಗ್, 1990ರ ದಶಕದ ನಡುವಿನಲ್ಲಿ, ಏಕಾರ್ನ್ ಕಂಪನಿಯ ಯಂತ್ರವೊಂದರ ಮೇಲೆ. ಸಿಂಪ್ಯೂಟರಿನವರು ಚಿಪ್ಪು ಆರಿಸುವ ಹೊತ್ತಿಗೆ ಬೇಕಾದ ತುಂಡುಗಳೆಲ್ಲ ಭೂಮಿಯ ಮೇಲಿದ್ದವು. ಜೋಡಿಸುವುದಷ್ಟೇ ಬಾಕಿ.

ಆದರೆ ಕಗ್ಗಂಟು ಇದ್ದದ್ದು ಆ ಜೋಡಣೆಯಲ್ಲೇ.

ಆರ್ಮ್ ಲಿನಕ್ಸಿಗೆ ಪ್ರೋಗ್ರಾಮು ಕಟ್ಟಲು ನಾಲ್ಕು ಸಾಮಾನು ಬೇಕು. ಆಜ್ಞೆಗಳನ್ನು ಅಂಕೆಗಳಾಗಿಸುವ ಅಸೆಂಬ್ಲರ್ ಮತ್ತು ತುಂಡುಗಳನ್ನು ಹೊಲಿಯುವ ಲಿಂಕರ್ ಒಟ್ಟಿಗೆ ಬಿನ್‌ಯುಟಿಲ್ಸ್ ಎಂಬ ಗಂಟಿನಲ್ಲಿ ಬರುತ್ತವೆ, ಇದಕ್ಕೆ ಯಾರ ಹಂಗೂ ಇಲ್ಲ, ಮೊದಲು ಕಟ್ಟಬಹುದು. ಕರ್ನಲ್ಲಿನೊಳಗೆ ಏನೇನಿದೆ ಎಂದು ಸಾರುವ ಹೆಡರ್ ಕಡತಗಳನ್ನು ನಕಲು ಮಾಡಿಕೊಂಡರೆ ಸಾಕು. ಉಳಿದದ್ದು ಜಿಸಿಸಿ ಮತ್ತು ಜಿಲಿಬ್‌ಸಿ. ಎರಡನೆಯದು ಸಿ ಲೈಬ್ರರಿ. ಅಕ್ಷರ ಅಚ್ಚುಮಾಡುವುದು, ಕಡತ ತೆರೆಯುವುದು, ಮೆಮೊರಿ ಕೇಳುವುದು ಎಲ್ಲ ಅದರ ಮೂಲಕವೇ. ಜಿಲಿಬ್‌ಸಿಯನ್ನು ಆರ್ಮ್‌ಗೆ ಕಟ್ಟಬೇಕಾದರೆ ಆರ್ಮ್ ಜಿಸಿಸಿ ಬೇಕು. ಆರ್ಮ್ ಜಿಸಿಸಿ ಪೂರ್ತಿಯಾಗಬೇಕಾದರೆ ಅದರ ಜೊತೆಗಿನ ಲಿಬ್‌ಜಿಸಿಸಿ ಎಂಬ ಪುಟ್ಟ ಲೈಬ್ರರಿ ಆರ್ಮ್‌ಗೆ ಕಟ್ಟಲ್ಪಡಬೇಕು. ಅದು ಜಿಲಿಬ್‌ಸಿಯ ಹೆಡರ್‌ಗಳನ್ನು ಕೇಳುತ್ತದೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ನೆನಪಾಗುವ ಜಾಗ ಇದು.

ಬಿಡಿಸಿದ ಬಗೆ ಹೀಗಿದೆ. ಮೊದಲು ಒಂದು ಅರೆ ಜಿಸಿಸಿ ಕಟ್ಟುವುದು. ಅದಕ್ಕೆ ಸಿ ಭಾಷೆಯೊಂದೇ ಗೊತ್ತು, ಸಿ++ ಇಲ್ಲ, ಥ್ರೆಡ್ ಇಲ್ಲ, ಹಂಚಿಕೆಯ ಲೈಬ್ರರಿ ಇಲ್ಲ. ಅದರಿಂದ ಒಂದು ಪೂರ್ಣ ಪ್ರೋಗ್ರಾಮೂ ಹುಟ್ಟಲಾರದು, ಆದರೆ ಜಿಲಿಬ್‌ಸಿ ಕಟ್ಟಲು ಅಷ್ಟು ಸಾಕು. ಜಿಲಿಬ್‌ಸಿ ಕೈಗೆ ಬಂದ ಮೇಲೆ ಅರೆ ಜಿಸಿಸಿಯನ್ನು ಎಸೆದು ಅದೇ ಮೂಲ ಕಡತಗಳಿಂದ ಪೂರ್ಣ ಜಿಸಿಸಿಯನ್ನು ಎರಡನೆಯ ಸಲ ಕಟ್ಟುವುದು. ಕೇಳಲು ಸರಳ. ಆದರೆ ಆ ಕಾಲದ ಜಿಸಿಸಿ 2.95ಕ್ಕೆ ತಾನು ಅರೆಯಾಗಿರಬಹುದು ಎಂಬುದೇ ಗೊತ್ತಿರಲಿಲ್ಲ. ಲಿಬ್‌ಜಿಸಿಸಿ ಕಟ್ಟುವಾಗ ಲೈಬ್ರರಿಯ ಹೆಡರ್ ಎಲ್ಲಿ ಎಂದು ಕೇಳಿ ನಿಂತುಬಿಡುತ್ತಿತ್ತು. ಹಾಗಾಗಿ ಅದರ ಆರ್ಮ್ ವಿಭಾಗದಲ್ಲಿರುವ ‘ಟಿ-ಲಿನಕ್ಸ್’ ಎಂಬ ಸಣ್ಣ ಕಡತವನ್ನು ತೆರೆದು, ಒಂದು ಸಾಲಿನ ಕೊನೆಗೆ ‘ಇನ್‌ಹಿಬಿಟ್ ಲಿಬ್‌ಸಿ’ ಎಂಬ ಸೂಚನೆ ಸೇರಿಸಬೇಕಿತ್ತು. ಥ್ರೆಡ್ಡಿನ ಹೆಡರನ್ನು ಈಗಾಗಲೇ ಓದಿಯಾಗಿದೆ ಎಂದು ನಂಬಿಸಲು ಇನ್ನೊಂದು ಸುಳ್ಳು ಹೆಸರನ್ನೂ ಅಲ್ಲೇ ತೂರಿಸಬೇಕಿತ್ತು. ಎರಡನೆಯ ಸುತ್ತಿಗೆ ಮೊದಲು ಎರಡನ್ನೂ ನೆನಪಿಟ್ಟು ಅಳಿಸಬೇಕು. ಮರೆತರೆ ಕಂಪೈಲರ್ ಏನೂ ದೂರು ಹೇಳದೆ ತಯಾರಾಗುತ್ತದೆ, ಅರೆಯಾಗಿಯೇ. ಇಡೀ ಆರ್ಮ್ ಲಿನಕ್ಸ್ ಲೋಕ ಕೆಲವು ವರ್ಷ ಈ ಒಂದು ಸಾಲಿನ ಸುಳ್ಳಿನ ಮೇಲೆ ನಡೆಯಿತು.

ಕೈಯಿಂದ ಕಟ್ಟಲು ಬೇಸರವಾದವರಿಗೆ ರಸೆಲ್ ಕಿಂಗ್‌ನ ಆರ್ಮ್ ಲಿನಕ್ಸ್ ತಾಣದಲ್ಲಿ ತಯಾರು ಗಂಟೊಂದು ಸಿಗುತ್ತಿತ್ತು. ಅದನ್ನು ಇಂಥದೇ ಹೆಸರಿನ ಫೋಲ್ಡರಿನಲ್ಲಿ ಬಿಚ್ಚಬೇಕು ಎಂಬ ಕರಾರು ಬೇರೆ. ಜಾಗ ಬದಲಿಸಿದರೆ ತನ್ನ ಲೈಬ್ರರಿಗಳೇ ಅದಕ್ಕೆ ಸಿಗುತ್ತಿರಲಿಲ್ಲ. 2003ರ ಹೊತ್ತಿಗೆ ಡ್ಯಾನ್ ಕೆಗೆಲ್ ಎಂಬವನು ಕ್ರಾಸ್‌ಟೂಲ್ ಎಂಬ ಸ್ಕ್ರಿಪ್ಟ್ ಬರೆದು, ಯಾವ ಜಿಸಿಸಿಗೆ ಯಾವ ಜಿಲಿಬ್‌ಸಿ ಹೊಂದುತ್ತದೆ, ಯಾವ ಜೋಡಿ ಎಲ್ಲಿ ಮುಗ್ಗರಿಸುತ್ತದೆ ಎಂದು ಕೋಷ್ಟಕವನ್ನೇ ಇಟ್ಟ. ಸಿಂಪ್ಯೂಟರಿನ ಮೊದಲ ನಮೂನೆ ತಯಾರಾಗುವಾಗ ಆ ಕೋಷ್ಟಕ ಇನ್ನೂ ಹುಟ್ಟಿರಲಿಲ್ಲ.

ಟೂಲ್‌ಚೈನ್ ಆಯಿತು ಎಂದುಕೊಳ್ಳಿ. ಈಗ ಬೇರೆ ಯಾರೋ ಬರೆದ ಲೈಬ್ರರಿಯೊಂದನ್ನು ಆರ್ಮ್‌ಗೆ ಕಟ್ಟಬೇಕು. ಅಂಥ ಗಂಟುಗಳ ಜೊತೆಗೆ ‘ಕನ್‌ಫಿಗರ್’ ಎಂಬ ಸ್ಕ್ರಿಪ್ಟ್ ಬರುತ್ತದೆ. ಯಂತ್ರದ ಗುಣಾವಗುಣ ತಿಳಿಯುವುದು ಅದರ ಕೆಲಸ. ಅದು ಚಿಕ್ಕ ಚಿಕ್ಕ ಪರೀಕ್ಷಾ ಪ್ರೋಗ್ರಾಮು ಬರೆದು, ಕಂಪೈಲ್ ಮಾಡಿ, ಓಡಿಸಿ ನೋಡುತ್ತದೆ. ಇಲ್ಲಿ ಓಡಿಸುವಂತಿಲ್ಲವಲ್ಲ. ಆರ್ಮ್‌ಗೆ ಕಟ್ಟಿದ ಪರೀಕ್ಷೆ ಪಿಸಿಯ ಮೇಲೆ ಓಡದು. ಕ್ರಾಸ್ ಕಂಪೈಲ್ ಮಾಡುವಾಗ ಪರೀಕ್ಷೆ ಓಡಿಸಲಾರೆ ಎಂದು ಹೇಳಿ ಸ್ಕ್ರಿಪ್ಟ್ ಕೈಚೆಲ್ಲುತ್ತದೆ. ಎಷ್ಟೋ ಜನ ಕೈಬಿಟ್ಟದ್ದು ಈ ಹಂತದಲ್ಲೇ.

ಇದಕ್ಕೆ ಕಂಡುಕೊಂಡ ಒಂದು ಉಪಾಯ ನನಗೆ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು. ದೂರದ ಯಂತ್ರದಲ್ಲಿ ಒಂದು ಪೂರ್ಣಾಂಕ ಎಷ್ಟು ಬೈಟ್ ಹಿಡಿಯುತ್ತದೆ ಎಂದು ತಿಳಿಯಬೇಕು. ಅಲ್ಲಿಗೆ ಹೋಗಿ ಅಳೆಯುವಂತಿಲ್ಲ. ಆಗ ಸ್ಕ್ರಿಪ್ಟ್ ಹೀಗೆ ಒಂದು ಸಾಲು ಬರೆಯುತ್ತದೆ: ಒಂದು ಸರಣಿ ಮಾಡು, ‘ಪೂರ್ಣಾಂಕ 4 ಬೈಟಿಗಿಂತ ಹೆಚ್ಚಿಲ್ಲ’ ಎಂಬ ಮಾತು ನಿಜವಾದರೆ ಅದರ ಉದ್ದ 1, ಸುಳ್ಳಾದರೆ ಉದ್ದ ಋಣ 1. ಋಣ ಉದ್ದದ ಸರಣಿ ಸಿ ಭಾಷೆಯಲ್ಲಿ ಇಲ್ಲ. ಮಾತು ಸುಳ್ಳಾದರೆ ಕಂಪೈಲರ್ ತಪ್ಪು ಎಂದು ನಿಲ್ಲುತ್ತದೆ. ನಿಜವಾದರೆ ಸುಮ್ಮನೆ ಮುಂದೆ ಹೋಗುತ್ತದೆ. ಹುಟ್ಟಿದ ಪ್ರೋಗ್ರಾಮನ್ನು ಓಡಿಸುವ ಗೊಡವೆಯೇ ಇಲ್ಲ, ಕಂಪೈಲಾಯಿತೋ ಇಲ್ಲವೋ ಎಂಬುದೇ ಉತ್ತರ. ಒಂದು ಕಂಪೈಲಿಗೆ ಒಂದು ಹೌದು ಅಥವಾ ಅಲ್ಲ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ನಾಲ್ಕಾರು ಪ್ರಶ್ನೆಯಲ್ಲಿ ಸರಿಯಾದ ಸಂಖ್ಯೆಗೆ ಬಂದು ಮುಟ್ಟಬಹುದು. ಕಂಪೈಲರಿಗೆ ಆ ಚಿಪ್ಪಿನ ಅಳತೆಗಳು ಗೊತ್ತು, ಬಾಯಿಬಿಟ್ಟು ಹೇಳಲು ಬಾರದು. ಬೇಕೆಂದೇ ತಪ್ಪು ಮಾಡಿಸಿ ಅದರ ಬಾಯಿ ಬಿಡಿಸಿದರು. ಆಟೋಕಾನ್ಫ್ ಎಂಬ ಸಾಧನದೊಳಗೆ ಈ ಉಪಾಯ ಇಂದಿಗೂ ದುಡಿಯುತ್ತಿದೆ.

ಇಷ್ಟೆಲ್ಲ ಆಗಿ ಪ್ರೋಗ್ರಾಮು ಆರ್ಮ್ ಯಂತ್ರಕ್ಕೆ ಹೋದ ಮೇಲೂ ತಂಟೆ ತಪ್ಪುತ್ತಿರಲಿಲ್ಲ. ಪಿಸಿಯಲ್ಲಿ ಸರಿಯಿದ್ದದ್ದು ಅಲ್ಲಿ ಸುಳ್ಳು ಉತ್ತರ ಕೊಡುತ್ತಿತ್ತು. ಮೆಮೊರಿಯಲ್ಲಿ ಸಾಲಾಗಿ 1, 2, 3, 4, 5 ಎಂಬ ಬೈಟುಗಳಿವೆ, ಎರಡನೆಯದರಿಂದ ಹಿಡಿದು ನಾಲ್ಕು ಕೊಡು ಎನ್ನುತ್ತೀರಿ. ಇಂಟೆಲ್ ಚಿಪ್ಪು 2, 3, 4, 5 ಕೊಡುತ್ತದೆ. ಸ್ಟ್ರಾಂಗ್‌ಆರ್ಮ್ ನಾಲ್ಕರ ಗಡಿ ದಾಟಿ ಓದುವುದಿಲ್ಲ. ಮೊದಲ ನಾಲ್ಕನ್ನೇ ಎತ್ತಿ, ತಿರುಗಿಸಿ, 2, 3, 4, 1 ಎಂದು ಕೈಗಿಡುತ್ತದೆ. ಐದು ಬರಬೇಕಾದ ಕಡೆ ಒಂದು ಬಂದಿದೆ, ದೂರು ಮಾತ್ರ ಇಲ್ಲ. ಇಂಥ ತಪ್ಪು ಹಿಡಿಯಲು ಪ್ರೋಗ್ರಾಮಿನ ಬುದ್ಧಿಗಿಂತ ಚಿಪ್ಪಿನ ಕೈಪಿಡಿ ಓದುವ ತಾಳ್ಮೆ ಬೇಕಾಗುತ್ತದೆ. ಇಂಥ ಪುಟ್ಟ ಯಂತ್ರಗಳಿಗೆ ಬರೆಯುವ ಎಂಬೆಡೆಡ್ ಕೆಲಸದವರಿಗೆ ಆ ತಾಳ್ಮೆಗೇ ಸಂಬಳ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಸಿಂಪ್ಯೂಟರಿನಲ್ಲಿ ಓಡಿದ್ದರಲ್ಲಿ ಕನ್ನಡಿಗರು ನೆನಪಿಡಬೇಕಾದದ್ದು ‘ಧ್ವನಿ’. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಈ ಪ್ರೋಗ್ರಾಮನ್ನು ರಮೇಶ್ ಹರಿಹರನ್ ಬರೆದರು. ಮೊದಲು ಓದಿದ ಭಾಷೆಗಳಲ್ಲಿ ಹಿಂದಿಯ ಜೊತೆಗೆ ಕನ್ನಡವೂ ಇತ್ತು. ಓದು ಬಾರದವನ ಕೈಗೆ ಪರದೆ ಕೊಟ್ಟು ಏನು ಪ್ರಯೋಜನ, ಅದು ಮಾತಾಡಬೇಕು ಎಂಬುದು ಇದರ ಹಿಂದಿದ್ದ ವಿಚಾರ. ಉಪಾಯ ಮಿತವ್ಯಯದ್ದು. ವ್ಯಂಜನದಿಂದ ಸ್ವರಕ್ಕೆ, ಸ್ವರದಿಂದ ವ್ಯಂಜನಕ್ಕೆ ಹಾಯುವ ಸಣ್ಣ ಸಣ್ಣ ದನಿತುಂಡುಗಳನ್ನು ಮೊದಲೇ ಮುದ್ರಿಸಿಟ್ಟು, ಅಕ್ಷರ ನೋಡಿ ಒಂದಕ್ಕೊಂದು ಜೋಡಿಸಿ ನುಡಿಸುವುದು. ತುಂಡುಗಳನ್ನು ಮೊಬೈಲ್ ಫೋನಿಗೆಂದು ಬಂದ ಜಿಎಸ್‌ಎಂ ಪದ್ಧತಿಯಲ್ಲಿ ಅಮುಕಿ ಇಡುತ್ತಿದ್ದರು. ಅದರಲ್ಲಿ ಒಂದು ಸೆಕೆಂಡಿನ ದನಿ 1,650 ಬೈಟಿನಲ್ಲಿ ಮುಗಿಯುತ್ತದೆ. ದನಿಗಳ ಇಡೀ ಉಗ್ರಾಣ ಸುಮಾರು ಒಂದು ಎಂಬಿ, ಅಂದರೆ ಹತ್ತು ನಿಮಿಷದ ಚೂರುಗಳು. ದಶಮಾಂಶದ ಲೆಕ್ಕ ಮಾಡುವ ಯಂತ್ರಾಂಗ ಸ್ಟ್ರಾಂಗ್‌ಆರ್ಮ್‌ನಲ್ಲಿ ಇಲ್ಲವೇ ಇಲ್ಲ. ಜಿಎಸ್‌ಎಂ ಬಿಚ್ಚುವುದು ಪೂರ್ಣಾಂಕಗಳ ಗಣಿತವಾದ್ದರಿಂದ ಆ ಕೊರತೆ ಇಲ್ಲಿ ಅಡ್ಡಬರುವಂಥದ್ದಲ್ಲ.

ಓದುವ ನಿಯಮದಲ್ಲಿ ಕನ್ನಡ ಹಿಂದಿಗಿಂತ ಸಲೀಸು. ನಾವು ‘ಕಮಲ’ ಎಂದು ಬರೆದರೆ ಮೂರೂ ಅಕ್ಷರ ಪೂರ್ತಿ ಉಚ್ಚರಿಸುತ್ತೇವೆ. ಹಿಂದಿಯವರು ಅದೇ ಮೂರು ಅಕ್ಷರ ಬರೆದು ‘ಕಮಲ್’ ಎನ್ನುತ್ತಾರೆ. ಎಲ್ಲಿ ಅಕಾರ ನುಂಗಬೇಕು, ಎಲ್ಲಿ ಉಳಿಸಬೇಕು ಎಂದು ಪ್ರೋಗ್ರಾಮಿಗೆ ಬೇರೆಯಾಗಿ ಕಲಿಸಬೇಕು. ಧ್ವನಿಯ ಮೂಲ ಕಡತಗಳು ಎಲ್ಲರಿಗೂ ಮುಕ್ತವಾಗಿದ್ದವು. ಮುಂದೆ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಇನ್ನೂ ಹಲವು ಭಾರತೀಯ ಭಾಷೆಗಳಿಗೆ ಹಬ್ಬಿಸಿದರು. ಯಂತ್ರ ಹೋದರೂ ಅದರ ಬಾಯಿ ಉಳಿಯಿತು.

ಯಂತ್ರ ಹೋಯಿತು ಎಂಬುದನ್ನೂ ಹೇಳಬೇಕು. ವಿಜ್ಞಾನ ಸಂಸ್ಥೆಯ ನಾಲ್ವರು ಕಟ್ಟಿದ ಪಿಕೋಪೇಟ ಕಂಪನಿ 2004ರ ಮಾರ್ಚಿನಲ್ಲಿ ‘ಅಮಿಡ’ ಎಂಬ ಸಿಂಪ್ಯೂಟರನ್ನು ಮಾರುಕಟ್ಟೆಗೆ ಬಿಟ್ಟಿತು. ತಯಾರಿಸಿಕೊಟ್ಟದ್ದು ಬೆಂಗಳೂರಿನ ಬಿಇಎಲ್. ಕಡಿಮೆ ಬೆಲೆಯದ್ದಕ್ಕೆ 9,950 ರೂಪಾಯಿ. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನು ಬಳಸಿ ನೋಡಿತು, ಛತ್ತೀಸಗಢದ ಶಾಲೆಗಳಲ್ಲಿ ಪ್ರಯೋಗ ನಡೆಯಿತು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಐದು ವರ್ಷ ತಡವಾಯಿತು, ಅಷ್ಟರಲ್ಲಿ ಮೊಬೈಲ್ ಬಂತು ಎನ್ನುವವರಿದ್ದಾರೆ. ಹಂಚಿಕೊಂಡು ಬಳಸುವ ಯಂತ್ರ ನಮ್ಮ ಜನಕ್ಕೆ ಬೇಕಿರಲಿಲ್ಲ, ತನ್ನದು ಎನ್ನುವಂಥದೇ ಬೇಕಿತ್ತು ಎನ್ನುವವರೂ ಇದ್ದಾರೆ. ಮುಳಗುಂದದ ಸಂತೆಯಲ್ಲಿ ನಿಂತು ನೋಡಿದರೆ ಎರಡನೆಯ ಮಾತು ಹೆಚ್ಚು ಸರಿ ಎನ್ನಿಸುತ್ತದೆ. ಮೆಣಸಿನಕಾಯಿ ಮಾರುವವಳ ಕೈಯಲ್ಲೂ ಈಗ ಆಂಡ್ರಾಯ್ಡ್ ಫೋನು, ಅದರಲ್ಲಿ ಆರ್ಮ್ ಚಿಪ್ಪು, ಒಳಗೆ ಲಿನಕ್ಸ್. ಆ ಆಂಡ್ರಾಯ್ಡನ್ನೂ ಎಲ್ಲೋ ಒಂದು ಇಂಟೆಲ್ ವಂಶದ ಯಂತ್ರದಲ್ಲಿ ಕೂತು ಕ್ರಾಸ್ ಕಂಪೈಲ್ ಮಾಡಿಯೇ ಕಳಿಸಿರುತ್ತಾರೆ.

ಇವೆಲ್ಲ ಹಳೆಯ ಪೇಚುಗಳಾದವೇ ಎಂದರೆ, ಇಲ್ಲ. ನಮ್ಮಣ್ಣನ ಮಗ ಗದಗಿನಲ್ಲಿ ಡಿಪ್ಲೊಮಾ ಓದುತ್ತಾನೆ. ಎಪಿಎಂಸಿಯ ಧಾರಣೆಯನ್ನು ಕನ್ನಡದಲ್ಲಿ ಓದಿ ಹೇಳುವ ಪೆಟ್ಟಿಗೆಯೊಂದನ್ನು ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಮಾಡಲು ಹೊರಟಿದ್ದ. ಲ್ಯಾಪ್‌ಟಾಪಿನಲ್ಲಿ ಉಬುಂಟು 22.04. ಒಂದು ಆಜ್ಞೆ ಕೊಟ್ಟರೆ ಆರ್ಮ್ ಟೂಲ್‌ಚೈನ್ ತಯಾರು ತಯಾರಾಗಿ ಬಂದು ಕೂರುತ್ತದೆ, ಎರಡು ಸುತ್ತಿನ ಜಿಸಿಸಿಯೂ ಬೇಡ, ಸುಳ್ಳು ಸಾಲೂ ಬೇಡ.

“ಕಾಕಾ, ಬೋರ್ಡಿನ್ಯಾಗನ ಜಿಸಿಸಿ ಐತಲ್ಲ, ಅದರಾಗ ಮಾಡಿದ್ರ ಆಗಂಗಿಲ್ಲೇನು?”

“ಆಗತೈತಿ. ಸಣ್ಣದಿದ್ರ ಆಗತೈತಿ. ಕರ್ನಲ್ ಕಟ್ಟಾಕ ಹಚ್ಚಿ ನೋಡು, ಉಂಡು ಮಲಗಿ ಎದ್ದು ಬಂದ್ರೂ ಅದು ಅಲ್ಲೇ ತಿಣಕ್ಕೋತ ಇರತೈತಿ.”

ಲ್ಯಾಪ್‌ಟಾಪಿನಲ್ಲಿ ಕಟ್ಟಿದ. ಹುಟ್ಟಿದ ಕಡತದ ಮೊದಲ ಬೈಟುಗಳನ್ನು ತೆರೆದು ತೋರಿಸಿದೆ. 127, ಆಮೇಲೆ ಇಂಗ್ಲಿಷಿನ ಇ, ಎಲ್, ಎಫ್. ಇದು ಲಿನಕ್ಸಿನ ಪ್ರೋಗ್ರಾಮು ಎಂಬ ಗುರುತು. ಕಡತದ ಮೊದಲಿನಿಂದ ಹದಿನೆಂಟು ಬೈಟ್ ದಾಟಿದ ಮೇಲೆ ಒಂದು ಸಂಖ್ಯೆ ಇರುತ್ತದೆ: 3 ಇದ್ದರೆ ಹಳೆಯ ಇಂಟೆಲ್, 62 ಇದ್ದರೆ ಈಗಿನ 64 ಬಿಟ್ಟಿನದು, 40 ಇದ್ದರೆ ಆರ್ಮ್. ಅವನದರಲ್ಲಿ 40 ಇತ್ತು. ಇದೊಂದು ಸಂಖ್ಯೆ ನೋಡಿಯೇ ಲ್ಯಾಪ್‌ಟಾಪ್ ಅದನ್ನು ಓಡಿಸಲು ಒಪ್ಪುವುದಿಲ್ಲ.

ಬೋರ್ಡೂ ಒಪ್ಪಲಿಲ್ಲ. ಅದಕ್ಕೆ ಬೇಕಾದ ಜಿಲಿಬ್‌ಸಿ 2.34 ಇಲ್ಲಿಲ್ಲ ಎಂದಿತು. ಬೋರ್ಡಿನಲ್ಲಿದ್ದದ್ದು ಡೆಬಿಯನ್ 11ರ ತಳಿ, ಅದರಲ್ಲಿರುವುದು 2.31. ಟೂಲ್‌ಚೈನಿನ ಜೊತೆ ಬಂದದ್ದು 2.35. ಹೊಸ ಲೈಬ್ರರಿಗೆ ಹೊಲಿದ ಪ್ರೋಗ್ರಾಮು ಹಳೆಯದರ ಮೇಲೆ ನಿಲ್ಲದು, ಹಳೆಯದಕ್ಕೆ ಹೊಲಿದದ್ದು ಹೊಸದರ ಮೇಲೆ ನಿಲ್ಲುತ್ತದೆ. ಬೋರ್ಡಿನ ಲೈಬ್ರರಿ ಫೋಲ್ಡರುಗಳನ್ನೂ ಹೆಡರುಗಳನ್ನೂ ಲ್ಯಾಪ್‌ಟಾಪಿಗೆ ನಕಲಿಸಿಕೊಂಡು, ಅಲ್ಲಿ ನೋಡಿ ಕಟ್ಟು ಎಂದು ಕಂಪೈಲರಿಗೆ ಹೇಳಿಸಿದೆ. ಇದಕ್ಕೆ ಸಿಸ್‌ರೂಟ್ ಎನ್ನುತ್ತಾರೆ.

ಈಗ ಓಡಿತು, ಆದರೆ ಕನ್ನಡ ಎಂಬುದೇ ಇಲ್ಲವೆಂದಿತು. ಧಾರಣೆಯ ಸಾಲಿನಲ್ಲಿ ಕನ್ನಡದ ಪದ, ಇಂಗ್ಲಿಷಿನ ಅಂಕೆ ಎರಡೂ ಇರುತ್ತವೆ. ಬೇರ್ಪಡಿಸಲು ಅವನು ಒಂದು ಜಾಣತನ ಮಾಡಿದ್ದ: ಬೈಟು ಸೊನ್ನೆಗಿಂತ ಕಡಿಮೆಯಾದರೆ ಅದು ಕನ್ನಡ. ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ನಡೆದಿತ್ತು. ‘ಕ’ ಎಂಬ ಅಕ್ಷರವನ್ನು ಯುಟಿಎಫ್-8ರಲ್ಲಿ ಇಟ್ಟರೆ ಮೂರು ಬೈಟು, 224, 178, 149. ಇಂಟೆಲ್ ಲಿನಕ್ಸಿನಲ್ಲಿ ಸಿ ಭಾಷೆಯ ‘ಚಾರ್’ಗೆ ಋಣ ಚಿಹ್ನೆ ಉಂಟು. ಹಾಗಾಗಿ ಅವು ಋಣ 32, ಋಣ 78, ಋಣ 107 ಆಗಿ ಕಾಣುತ್ತವೆ. ಆರ್ಮ್ ಲಿನಕ್ಸಿನಲ್ಲಿ ‘ಚಾರ್’ಗೆ ಚಿಹ್ನೆ ಇಲ್ಲ, 224 ಎಂದರೆ 224 ಅಷ್ಟೇ. ಸೊನ್ನೆಗಿಂತ ಕಡಿಮೆಯಾಗುವ ಪ್ರಶ್ನೆಯೇ ಬರುವುದಿಲ್ಲ. ಹಳೆಯ ಆರ್ಮ್ ಚಿಪ್ಪುಗಳಲ್ಲಿ ಚಿಹ್ನೆಯ ಸಮೇತ ಬೈಟು ಎತ್ತಿಕೊಳ್ಳುವ ಆಜ್ಞೆಯೇ ಇರಲಿಲ್ಲ. ಆಗ ಮಾಡಿಕೊಂಡ ಅನುಕೂಲ ಇಂದಿಗೂ ರೂಢಿಯಾಗಿ ಉಳಿದಿದೆ.

ಅವನು ಒಂದು ಸಂಜೆ ತಲೆಕೆಡಿಸಿಕೊಂಡು, ಚಾರ್‌ಗೆ ಚಿಹ್ನೆ ಕೊಡು ಎಂಬ ಸೂಚನೆಯನ್ನು ಕಂಪೈಲರಿಗೆ ಸೇರಿಸಿ ಗೆದ್ದೆ ಎಂದ. ಕೆಲಸ ಆಯಿತು ನಿಜ. ಆದರೆ ಆ ಸೂಚನೆ ಇರುವುದು ಅವನ ಲ್ಯಾಪ್‌ಟಾಪಿನ ಆಜ್ಞೆಯ ಸಾಲಿನಲ್ಲಿ, ಪ್ರೋಗ್ರಾಮಿನಲ್ಲಲ್ಲ. ನಾಳೆ ಇನ್ನೊಬ್ಬ ಅದನ್ನು ಬೇರೆ ಕಡೆ ಕಟ್ಟಿದರೆ ಕನ್ನಡ ಮತ್ತೆ ಮಾಯ. ಚಿಹ್ನೆಯಿಲ್ಲದ ಬೈಟೆಂದೇ ಘೋಷಿಸಿ, 128ಕ್ಕೆ ಸಮ ಅಥವಾ ಹೆಚ್ಚಾದರೆ ಕನ್ನಡ ಎಂದು ಬರೆ ಎಂದೆ. ಗೊಣಗುತ್ತ ತಿದ್ದಿದ, ಆ ಸೂಚನೆಯನ್ನೂ ತೆಗೆದ. ಈಗ ಬೋರ್ಡು ಹೆಸರುಕಾಳಿನ ಧಾರಣೆ, ಒಣಮೆಣಸಿನಕಾಯಿ ಧಾರಣೆ ಎರಡನ್ನೂ ಓದುತ್ತದೆ. ಕ್ವಿಂಟಲ್ ಎಂಬುದನ್ನು ಮಾತ್ರ ಇನ್ನೂ ಎಳೆದಾಡುತ್ತಿದೆ, ಅದು ಟೂಲ್‌ಚೈನಿನ ತಪ್ಪಲ್ಲ.